ಎರಡು ಸಾವಿರದ ನೂರ ಐವತ್ತೊಂಬತ್ತು ಎಳೆಗಳು

ಕೈಮಗ್ಗದ ಕಸುಬಿನಲ್ಲಿ ಕೈವೇಗಕ್ಕೆ ಹೆಸರಾದವರುಂಟು, ಬಣ್ಣದ ಹದಕ್ಕೆ ಹೆಸರಾದವರುಂಟು, ಕೆಲಸಕ್ಕಿಂತ ಮಾತಿಗೆ ಹೆಸರಾದವರಂತೂ ಬೇಕಾದಷ್ಟು ಮಂದಿ ಉಂಟು. ಆದರೆ ಕೈತಪ್ಪಿಹೋದ ಎಳೆಗಳ ಸರದಿಯನ್ನು ಒಂದೊಂದಾಗಿ ಹುಡುಕಿ ಮರಳಿ ಕೂಡಿಸಿದ್ದಕ್ಕೆ ಹೆಸರಾದವರು, ಈ ಮಗ್ಗದ ಮನೆಯ ಅರವತ್ತು ವರ್ಷಗಳ ಬಾಳಿನಲ್ಲಿ, ಒಬ್ಬರೇ. ಹಿರಿಯರಿಗೂ ಕಿರಿಯರಿಗೂ, ನೂಲು ತರುವ ಗಾಡಿಯವನಿಗೂ, ಬಟ್ಟೆ ನೋಡಲು ಬಂದು ಬರಿಗೈಯಲ್ಲಿ ಹೋಗುವವರಿಗೂ ಸಮಾನವಾಗಿ 'ಮಗ್ಗದಕ್ಕ'ನಾಗಿರುವ ಅವರು, ನಲವತ್ತೊಂದು ವರ್ಷಗಳ ದುಡಿಮೆಯ ಬಳಿಕ, ಕಿಟಕಿಯ ಪಕ್ಕದ ಮಗ್ಗವನ್ನು ಬಿಟ್ಟು ಈ ತಿಂಗಳ ಕೊನೆಗೆ ಏಳುತ್ತಿದ್ದಾರೆ. ಅವರಿಗಾಗಿ ತರುತ್ತಿರುವ ಈ ಅಭಿನಂದನ ಸಂಪುಟದ ಆಮಂತ್ರಣ ಪತ್ರಿಕೆಯಲ್ಲಿ ಅವರ ಸಾಧನೆಯನ್ನು ಕುರಿತು ಒಂದು ವಾಕ್ಯ ಅಚ್ಚಾಗಿದೆ: "ಎರಡು ಸಾವಿರದ ನೂರ ಅರವತ್ತು ಎಳೆಗಳನ್ನು ಒಂದೂ ತಪ್ಪದಂತೆ ಸರದಿಗೆ ತಂದವರು." ಆ ವಾಕ್ಯ ಸರಿಯಲ್ಲ. ಸರಿಯಲ್ಲವೆಂದು ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಮಗ್ಗದಕ್ಕ. ಅದನ್ನು ತಿದ್ದಿ ಬರೆಯುವ ಹೊಣೆಯನ್ನು ಅವರು ಹೊರಿಸಿದ್ದು, ಅಂಗಳದ ಬಣ್ಣದ ಹಂಡೆಗಳ ಬಳಿ ನಿಂತು ಮೂವತ್ತೆಂಟು ವರ್ಷ ಅವರ ನೂಲಿಗೆ ಬಣ್ಣ ಕಟ್ಟಿದ ಈ ಮುದುಕನ ಮೇಲೆ.

ಅದು ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ. ವಯಸ್ಸು ಇಪ್ಪತ್ತೆರಡು. ಹೊಸದಾಗಿ ಕಟ್ಟಿದ ವಾಚನಾಲಯದ ಹತ್ತು ಕಿಟಕಿಗಳಿಗೆ ಪಟ್ಟೆಯ ಪರದೆ ನೇಯುವ ಕೆಲಸ ಬಂದಿತ್ತು. ಪರದೆಯ ಹಾಸಿಗೆ, ಅಂದರೆ ಉದ್ದಕ್ಕೆ ಹಿಡಿಯುವ ನೂಲಿಗೆ, ಬಣ್ಣ ಐದು. ಒಂದು ಬಣ್ಣ ಇನ್ನೊಂದರೊಳಗೆ ಎಳೆ ಎಳೆಯಾಗಿ ಕರಗಬೇಕಾದ್ದರಿಂದ ಯಾವ ಎಳೆಯ ಪಕ್ಕ ಯಾವುದು ಎಂಬುದೇ ಆ ಬಟ್ಟೆಯ ಜೀವ. ಹಾಸನ್ನು ಮಗ್ಗದ ಹಿಂದಿನ ಉರುಳೆಗೆ ಸುತ್ತಿದ ಮೇಲೆ ಆ ಸರದಿಯನ್ನು ಕಾಯುವುದು ಎರಡು ಬೆತ್ತದ ಕಡ್ಡಿಗಳು: ಒಂದು ಎಳೆ ಮೊದಲ ಕಡ್ಡಿಯ ಮೇಲೆ ಹಾದು ಎರಡನೆಯದರ ಕೆಳಗೆ ಹೋದರೆ, ಪಕ್ಕದ ಎಳೆ ಅದಕ್ಕೆ ತದ್ವಿರುದ್ಧ. ಕಡ್ಡಿಗಳು ಜಾರದಂತೆ ಅವುಗಳ ತುದಿಗಳನ್ನು ಒಂದು ದಾರದಿಂದ ಚೌಕಟ್ಟಿಗೆ ಬಿಗಿದಿರುತ್ತಾರೆ. ಆ ದಾರದ ಗಂಟು ನೋಡಲು ಎಂದೂ ಚಂದವಿರುವುದಿಲ್ಲ.

ಹುಡುಗಿಗೆ ಕುರೂಪವಾದ ಗಂಟು ಕಂಡರೆ ಆಗುತ್ತಿರಲಿಲ್ಲ. ಬೆಳಗಿನ ಹೊತ್ತು ದೂಳೊರೆಸುತ್ತಿದ್ದಾಗ, ಯಾರೋ ಮರೆತುಬಿಟ್ಟ ಹಳೆಯ ಗಂಟೆಂದು ತಿಳಿದು ಅದನ್ನು ಕತ್ತರಿಯಿಂದ ತೆಗೆದಳು. ಕಡ್ಡಿಗಳೆರಡೂ ಒಂದರ ಹಿಂದೊಂದು ಜಾರಿ ನೆಲಕ್ಕೆ ಬಿದ್ದವು. ಎಳೆಗಳು ಬಾಚಣಿಗೆ ಕಾಣದ ಕೂದಲಿನಂತೆ ಒಂದರ ಮೇಲೊಂದು ಕುಸಿದವು.

ಆಗ ಮಗ್ಗದ ಮನೆಯನ್ನು ನಡೆಸುತ್ತಿದ್ದವರು ಸೊನ್ನೆ ಮೇಷ್ಟ್ರು. ನೇಯ್ದ ಪ್ರತಿಯೊಂದು ತುಂಡಿನ ಮೂಲೆಗೂ ಅದರಲ್ಲಿರುವ ತಪ್ಪುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಿನ್ನು ಚುಚ್ಚುವುದು ಅವರ ಪದ್ಧತಿ. ಸೊನ್ನೆ ಸಿಕ್ಕಿತೆಂದು ಹಿಗ್ಗುತ್ತಿದ್ದ ವಿದ್ಯಾರ್ಥಿಗಳಿದ್ದದ್ದು ಲೋಕದಲ್ಲಿ ಅವರಿಗೊಬ್ಬರಿಗೇ ಇರಬೇಕು. ಅವರು ಬಂದು, ನೆಲದ ಕಡ್ಡಿಗಳನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, "ಇನ್ನೇನು, ಕತ್ತರಿಸಿ ಎಸೆಯೋದೇ," ಎಂದರು. ಸಿಟ್ಟಿನಿಂದ ಹೇಳಿದ್ದರೆ ಹುಡುಗಿ ಅತ್ತು ಸುಮ್ಮನಾಗುತ್ತಿದ್ದಳೇನೋ. ಅವರು ದಣಿದು ಹೇಳಿದ್ದರು.

"ತಿಂಗಳ ಕೊನೆ ತನಕ ಕೊಡಿ ಮೇಷ್ಟ್ರೇ," ಎಂದಳು. "ಆಗದಿದ್ರೆ ನಾನೇ ಕತ್ತರಿಸಿ, ನಾನೇ ಗುಡಿಸಿ, ಮನೆಗೆ ಹೋಗ್ತೀನಿ."

ತಿಂಗಳು ಮುಗಿಯಲು ಹತ್ತೊಂಬತ್ತು ದಿನ ಉಳಿದಿತ್ತು. ಮನೆಗೆ ಹೋಗುವುದೆಂದರೇನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳನ್ನು ಒಂದು ವರ್ಷದ ಮಟ್ಟಿಗೆ ನೋಡೋಣವೆಂದು ಇಟ್ಟುಕೊಂಡಿದ್ದರು. ಇಲ್ಲಿಂದ ಕಳಿಸಿದರೆ ಸೋದರಮಾವನ ಕೊಡೆ ಅಂಗಡಿಯ ಗಲ್ಲಾದ ಹಿಂದೆ ಅವಳಿಗಾಗಿ ಒಂದು ಸ್ಟೂಲು ಕಾದಿತ್ತು. "ಬಿಸಿಲಿಗೂ ಕೊಡೆ ಬೇಕು, ಮಳೆಗೂ ಕೊಡೆ ಬೇಕು. ನಿನ್ನ ಮಗ್ಗ ಯಾರಿಗೆ ಬೇಕು?" ಎನ್ನುವುದು ಅವಳ ತಾಯಿಯ ನಿತ್ಯದ ಮಾತು.

ಮೊದಲ ಎರಡು ದಿನ ಅವಳು ಒಂದು ಎಳೆಯನ್ನೂ ಮುಟ್ಟಲಿಲ್ಲ. ಮಗ್ಗದ ಹಿಂದೆ ಮಣೆ ಹಾಕಿಕೊಂಡು ಉರುಳೆಯನ್ನು ನೋಡುತ್ತ ಕುಳಿತಳು. ಮೂರನೆಯ ಬೆಳಿಗ್ಗೆ ಅವಳಿಗೆ ಹೊಳೆಯಿತು. ಎಳೆಗಳ ತುದಿಗಳು ಕಲೆಸಿಹೋಗಿದ್ದರೂ ಉರುಳೆಯ ಮೇಲೆ ಸುತ್ತಿಕೊಂಡ ಬುಡಗಳು ಕದಲಿಲ್ಲ. ಯಾವ ಎಳೆಯನ್ನಾದರೂ ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟೇ ಜಗ್ಗಿದರೆ, ಉರುಳೆಯ ಮೇಲೆ ಎಲ್ಲೋ ಒಂದು ಕಡೆ ಅದರ ಬುಡ ಮಿಸುಕುತ್ತದೆ. ಮಿಸುಕಿದ ಜಾಗವೇ ಅದರ ಮನೆ. ಹೀಗೆ, ಜಗ್ಗಿ, ನೋಡಿ, ಕಡ್ಡಿಗೆ ಏರಿಸಿ, ಮತ್ತೆ ಜಗ್ಗಿ, ದಿನಕ್ಕೆ ನೂರಿಪ್ಪತ್ತೋ ನೂರಮೂವತ್ತೋ ಎಳೆ. ಮೇಷ್ಟ್ರು ದಿನವೂ ಹಾದುಹೋಗುತ್ತ ಒಂದು ಕ್ಷಣ ನಿಲ್ಲುತ್ತಿದ್ದರು. ಹನ್ನೆರಡನೆಯ ದಿನ ಮಾತ್ರ ಅವಳ ಮಣೆಯ ಮೇಲೆ ಒಂದು ದಿಂಬು ಬಂದಿತ್ತು. ತಂದವರು ಯಾರೆಂದು ಕೇಳಿದ್ದಕ್ಕೆ, "ಬೆಕ್ಕು ತಂದಿರ್ಬೇಕು," ಎಂದರು. ಆ ಮನೆಯಲ್ಲಿ ಬೆಕ್ಕಿರಲಿಲ್ಲ.

ಹತ್ತೊಂಬತ್ತನೆಯ ದಿನದ ಮಧ್ಯಾಹ್ನ ಕೊನೆಯ ಎಳೆ ಕಡ್ಡಿಗೇರಿತು. ಹಾಸು ಉಳಿಯಿತು, ಹುಡುಗಿ ಉಳಿದಳು, ಪರದೆಗಳು ಹೇಳಿದ ದಿನಕ್ಕೆ ವಾಚನಾಲಯದ ಕಿಟಕಿ ಸೇರಿದವು. ಊರೆಲ್ಲ ಬಲ್ಲ ಕಥೆ ಇಷ್ಟು. ಉಳಿದದ್ದಕ್ಕೆ ಮುಂದೆ ಬರೋಣ.

ಆ ಹತ್ತೊಂಬತ್ತು ದಿನಗಳು ಹುಡುಗಿಯನ್ನು ಮಗ್ಗದಕ್ಕನನ್ನಾಗಿ ಮಾಡಿದವು ಎಂದರೆ ಅತಿಶಯೋಕ್ತಿಯಾಗದು, ಏಕೆಂದರೆ ಅವರ ಮುಂದಿನ ನಲವತ್ತು ವರ್ಷದ ಅಭ್ಯಾಸಗಳೆಲ್ಲ ಆಗಲೇ ಬೇರುಬಿಟ್ಟವು. ಬೆಳಿಗ್ಗೆ ಬಾಗಿಲು ತೆರೆದೊಡನೆ ಅವರು ಮಗ್ಗವನ್ನು ಮುಟ್ಟುವುದಿಲ್ಲ. ಮಗ್ಗದ ಕೆಳಗೆ ಗುಡಿಸುತ್ತಾರೆ. ಗುಡಿಸಿದ್ದನ್ನು ಒಡನೆಯೇ ಎಸೆಯದೆ, ಮೊರದಲ್ಲಿ ಹರಡಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಯಾವ ಬಣ್ಣದ ಹಿಂಜು, ಅಂದರೆ ನೂಲಿನಿಂದ ಉದುರಿದ ನವಿರು, ಹೆಚ್ಚು ಬಿದ್ದಿದೆಯೋ ಆ ಬಣ್ಣದ ಎಳೆ ಸವೆಯುತ್ತಿದೆ, ನಾಳೆ ತುಂಡಾಗಲಿದೆ ಎಂದು ಇಂದೇ ತಿಳಿಯುವ ಉಪಾಯ ಅದು. "ಮಗ್ಗ ರಾತ್ರಿಯೆಲ್ಲ ದೂರು ಬರೆದಿರುತ್ತೆ. ಓದದೆ ಗುಡಿಸಿ ಹಾಕಿದ್ರೆ ಅದು ಯಾರಿಗೆ ಹೇಳ್ಕೊಳ್ಳಬೇಕು?" ಎನ್ನುತ್ತಾರೆ.

ಬಳಿಕ ಉಂಗುರ ಕಳಚಿ ಕಿಟಕಿಯ ಮೊಳೆಗೆ ಸಿಕ್ಕಿಸಿ, ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ನೋಡುತ್ತಾರೆ. ಒರಟಾಗಿದ್ದರೆ ಎಣ್ಣೆ ಸವರಿ ಒರೆಸಿಕೊಳ್ಳುತ್ತಾರೆ. ದಿನಕ್ಕೆ ಬೇಕಾದ ಹೊಕ್ಕಿನ ನೂಲಿನ ಸುರುಳಿಗಳನ್ನು, ಅಂದರೆ ಲಾಳಿಯೊಳಗೆ ಕೂತು ಅಡ್ಡಕ್ಕೆ ಓಡುವ ನೂಲನ್ನು, ಮೊದಲೇ ಸುತ್ತಿ ಒದ್ದೆ ಬಟ್ಟೆಯಡಿ ಜೋಡಿಸಿಡುತ್ತಾರೆ. ಏಳು ಸುರುಳಿ; ಆರಾದರೆ ಸೋಮಾರಿತನ, ಎಂಟಾದರೆ ದುರಾಸೆ. ನೇಯುವಾಗ ಪ್ರತಿ ಗೇಣಿಗೊಮ್ಮೆ ಎಡಗೈಯನ್ನು ಬಟ್ಟೆಯ ಕೆಳಗೆ ಚಾಚಿ ಸವರುತ್ತಾರೆ, ಏಕೆಂದರೆ ಅವರ ಪ್ರಕಾರ ಬಟ್ಟೆ ಮೇಲ್ಮುಖದಲ್ಲಿ ನೆಂಟರ ಮುಂದೆ ಕೂತ ಮಗುವಿನಂತೆ ಸಭ್ಯವಾಗಿರುತ್ತದೆ, ಅದರ ನಿಜವಾದ ಬುದ್ಧಿ ಕೆಳಗಿರುತ್ತದೆ. ಕೆಲಸ ನಿಲ್ಲಿಸುವುದು ದಣಿದಾಗಲ್ಲ, ಚೆನ್ನಾಗಿ ಬರುತ್ತಿರುವಾಗ. ಏಳುವ ಮುನ್ನ ಹಾಸಿನ ಬಿಗಿ ಸಡಿಲಿಸುತ್ತಾರೆ. ತುಂಡಾದ ಎಳೆಗೆ ಹಾಕಿದ ಗಂಟುಗಳ ತುದಿಗಳನ್ನು ಕತ್ತರಿಸಿ ಹಾಕಲು ಒಂದು ತಗಡಿನ ಡಬ್ಬಿ ಇದೆ. ಮೊದಲು ಬಿಸ್ಕತ್ತಿನದಾಗಿದ್ದ ಆ ಡಬ್ಬಿಯ ಮೇಲಿನ ಚಿತ್ರ ಅಳಿಸಿ ಎಷ್ಟೋ ಕಾಲವಾಯಿತು. ಅದನ್ನು ಯಾರೂ ಮುಟ್ಟುವಂತಿಲ್ಲ.

ಇನ್ನು ಅವರ ಉಪಕಾರಗಳ ಮಾತು. ಸುರುಳಿ ಸುತ್ತುವ ಅಜ್ಜಿಗೆ ಬಲಗೈ ನಡುಗಲಾರಂಭಿಸಿದಾಗ, ಅಜ್ಜಿಯ ಸುರುಳಿಗಳು ಸಡಿಲವಾದವು. ಮಗ್ಗದಕ್ಕ ಯಾರಿಗೂ ಹೇಳದೆ ಅವನ್ನೆಲ್ಲ ತಮ್ಮ ಬುಟ್ಟಿಗೆ ತೆಗೆದುಕೊಂಡು, ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಬಂದು ಮತ್ತೊಮ್ಮೆ ಸುತ್ತುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ಅಜ್ಜಿ ಕೊನೆಯವರೆಗೂ, "ಈಗಿನ ಹುಡುಗೀರ ಸುರುಳಿ ನೋಡಿ, ನನ್ನದು ನೋಡಿ," ಎಂದು ಬೀಗುತ್ತಲೇ ಇದ್ದಳು.

ಈ ಲೇಖಕನ ಮೇಲಿನ ಋಣವನ್ನೂ ಇಲ್ಲಿ ದಾಖಲಿಸದೆ ಹೋದರೆ ಕೃತಘ್ನತೆಯಾದೀತು. ಒಮ್ಮೆ ಹಂಡೆಯ ನೀರು ಹದ ತಪ್ಪಿ, ಒಂದು ಇಡೀ ಹೊರೆ ನೀಲಿ ನೂಲು ಮೋಡ ಕವಿದಂತೆ ಅಲ್ಲಲ್ಲಿ ತೆಳುವಾಗಿ, ಅಲ್ಲಲ್ಲಿ ದಟ್ಟವಾಗಿ ಬಂತು. ಬಣ್ಣಗಾರ ಮುಖ ತೋರಿಸಲಾರದೆ ಅಂಗಳದ ಮೂಲೆಯಲ್ಲಿ ನಿಂತಿದ್ದ. ಮಗ್ಗದಕ್ಕ ಬಂದು, ಒದ್ದೆ ನೂಲನ್ನು ಹಿಂಡಿ, ಬಿಸಿಲಿಗೆ ಹಿಡಿದು, "ಅಣ್ಣಾ, ಇದು ಎಷ್ಟಿದೆ? ಎಲ್ಲಾ ನನಗೇ ಕೊಡು. ಬೇರೆಯವರಿಗೆ ಹೇಳಬೇಡ, ಕೇಳ್ತಾರೆ," ಎಂದರು. ಆ ನೂಲಿನಿಂದ ಅವರು ನೇಯ್ದ ಹೊದಿಕೆಗಳು ಹರಿವ ನೀರನ್ನು ಮಡಿಸಿಟ್ಟಂತಿದ್ದವು. ಮರುವರ್ಷ ಗಿರಾಕಿಗಳು ಅಂಥದೇ ಬೇಕೆಂದು ಕೇಳಿಕೊಂಡು ಬಂದರು. ಎಷ್ಟು ಪ್ರಯತ್ನಪಟ್ಟರೂ ಆ ತಪ್ಪು ಮತ್ತೆ ಕೈಗೆ ಬರಲಿಲ್ಲ.

ಮೇಷ್ಟ್ರು ತೀರಿಕೊಂಡ ಮೇಲೆ ಮಗ್ಗದ ಮನೆಯ ಭಾರ ಅವರ ಮೇಲೆಯೇ ಬಿತ್ತು. ಚೀಟಿಯ ಪದ್ಧತಿಯನ್ನು ಅವರು ಕೈಬಿಡಲಿಲ್ಲ, ಒಂದೇ ಒಂದು ಬದಲಾವಣೆ ಮಾಡಿದರು: ತಪ್ಪಿನ ಸಂಖ್ಯೆಯನ್ನು ನೇಯ್ದವರೇ ಬರೆಯಬೇಕು. "ಬೇರೆಯವರು ಎಣಿಸಿದ್ರೆ ಅದು ದೂರು. ನಾವೇ ಎಣಿಸಿದ್ರೆ ಅದು ಕಸುಬು," ಎಂದರು. ಕಳೆದ ನಾಲ್ಕು ವರ್ಷಗಳಿಂದ ಅವರ ಬಳಿ ಕಲಿಯುತ್ತಿರುವವಳು ಅವರ ತಮ್ಮನ ಮಗಳು. ಇಪ್ಪತ್ತಾರರ ಹರೆಯ, ಚುರುಕು ಕೈ. ಅತ್ತೆ ಅವಳನ್ನು 'ಮರಿ' ಎಂದೇ ಕರೆಯುವುದು. ಕಿಟಕಿಯ ಮಗ್ಗ ಅವಳಿಗೇ ಸಲ್ಲಬೇಕೆಂಬುದು ಎಲ್ಲರ ಒಪ್ಪಿಗೆಯ ಮಾತಾಗಿತ್ತು.

ಈ ವರ್ಷದ ಆರಂಭದಲ್ಲಿ ವಾಚನಾಲಯದಿಂದ ಒಂದು ಕಾಗದ ಬಂತು. ಹಳೆಯ ಪರದೆಗಳು ಬಿಸಿಲಿಗೆ ಜೀರ್ಣವಾಗಿವೆ, ಅಂಥವೇ ಹತ್ತು ಬೇಕು, ಮಾದರಿಗೆ ಒಂದು ಪರದೆಯನ್ನು ಕಳಿಸಿದ್ದೇವೆ ಎಂದು. ಕೊನೆಯಲ್ಲಿ ಗ್ರಂಥಪಾಲಕರು ತಮ್ಮ ಕೈಯಿಂದಲೇ ಬರೆದಿದ್ದರು: "ಹಳದಿ ಪಟ್ಟೆಯೊಳಗೆ ಹಾದುಹೋಗುವ ಆ ಒಂದೇ ನೀಲಿ ಗೆರೆಯನ್ನು ದಯವಿಟ್ಟು ಬಿಡಬಾರದು. ಓದುಗರಿಗೆ ಅದು ಬಹಳ ಪ್ರಿಯ." ಮಗ್ಗದಕ್ಕ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಮರಿಯ ಕೈಗಿತ್ತರು. ಹತ್ತು ಪರದೆಯ ಪೂರ್ತಿ ಕೆಲಸ ಅವಳದೇ ಎಂದರು.

ಹಾಸು ಹೂಡಿ ಎರಡು ಪರದೆ ನೇಯ್ದಾದ ಮೇಲೆ ಮರಿಯ ಮಾತು ಕಡಿಮೆಯಾಯಿತು. ನೇಯ್ದದ್ದನ್ನು ಬೇಗಬೇಗ ಸುತ್ತಿಬಿಡುತ್ತಿದ್ದಳು. ಮಧ್ಯಾಹ್ನ ಎದ್ದುಹೋಗುವಾಗ ಮಗ್ಗಕ್ಕೆ ಬಟ್ಟೆ ಹೊದಿಸುತ್ತಿದ್ದಳು. ಅತ್ತೆ ನಾಲ್ಕು ದಿನ ನೋಡಿದರು. ಐದನೆಯ ಬೆಳಿಗ್ಗೆ ತಾವೇ ಬೇಗ ಬಂದು ಆ ಮಗ್ಗದ ಕೆಳಗೆ ಗುಡಿಸಿ, ಮೊರ ಹಿಡಿದು ಕಾದು ಕುಳಿತರು.

"ಮರಿ, ಹಸಿರು ಪಟ್ಟೆ ಕೆಳಗೆ ಬಿಳಿ ಹಿಂಜು ಯಾಕೆ ಬಿದ್ದಿದೆ?"

"ಗಾಳಿಗೆ ಬಂದಿರ್ಬೇಕು ಅತ್ತೆ."

"ಗಾಳಿಗೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ಗೀಟು ಎಳೆದ ಹಾಗೆ ಬಿದ್ದಿದೆಯಲ್ಲ."

ಮರಿ ಹೊದಿಸಿದ್ದ ಬಟ್ಟೆ ತೆಗೆದಳು. ಹಸಿರು ಪಟ್ಟೆಯ ನಡುವೆ ಒಂದು ಬಿಳಿ ಎಳೆ, ಮನೆ ತಪ್ಪಿ ಬಂದು ಸಂಕೋಚದಿಂದ ನಿಂತ ಅತಿಥಿಯಂತೆ, ಎರಡೂ ಪರದೆಗಳ ಉದ್ದಕ್ಕೂ ಹರಿದಿತ್ತು. ಅವಳು ಸೂಜಿಯಿಂದ ಅದನ್ನು ಕೆರೆದು ಮರೆಮಾಡಲು ನೋಡಿದ್ದಳು. ಕೆರೆದಷ್ಟೂ ಅದು ಎದ್ದು ಕಂಡಿತ್ತು.

"ನನ್ನ ಕೈಲಾಗಲ್ಲ ಅತ್ತೆ. ಈ ಮಗ್ಗ ಬೇರೆ ಯಾರಿಗಾದರೂ ಕೊಡಿ. ನಾನು ಅಪ್ಪನಿಗೆ ಹೇಳಿ ಆ ಕೊಡೆ ಅಂಗಡಿಗೆ ಹೋಗಿ ಕೂತ್ಕೋತೀನಿ."

"ನಮ್ಮ ಮನೇಲಿ ಹೆಣ್ಣುಮಕ್ಕಳು ಅತ್ತಾಗೆಲ್ಲ ಆ ಕೊಡೆ ಅಂಗಡಿ ಬಾಗಿಲು ತೆರೆಯುತ್ತೆ ನೋಡು," ಎಂದರು ಅತ್ತೆ. "ಒಂದು ಎಳೆಗೆ ಇಷ್ಟು ರಂಪ ಯಾಕೆ?"

"ಒಂದು ಎಳೆ ನಿಮಗೆ. ಅಪ್ಪ ನಾನು ಮೂರು ವರ್ಷದೋಳಿದ್ದಾಗಿಂದ ಹೇಳ್ತಾ ಬಂದಿದ್ದಾರೆ. ಸರದಿ ಪೂರ್ತಿ ಕಳೆದುಹೋಗಿದ್ರೂ ನಿನ್ನ ಅತ್ತೆ ಒಂದೂ ತಪ್ಪಲಿಲ್ಲ, ಒಂದೂ ತಪ್ಪಲಿಲ್ಲ ಅಂತ. ನನಗೆ ಕಡ್ಡಿ ಇತ್ತು, ಸರದಿ ಕಣ್ಣೆದುರಿಗಿತ್ತು. ಆದ್ರೂ ತಪ್ಪಿದೆ. ನಿಮ್ಮ ಜಾಗದಲ್ಲಿ ನಾನು ಯಾವ ಮುಖ ಇಟ್ಕೊಂಡು ಕೂರಲಿ?"

ಮಗ್ಗದಕ್ಕ ಮೊರವನ್ನು ಕೆಳಗಿಟ್ಟರು. ಆ ಕಥೆಯನ್ನು ಅವರು ಅಷ್ಟು ತೂಕದ್ದೆಂದು ಎಂದೂ ಎಣಿಸಿರಲಿಲ್ಲ. ಅಕ್ಕರೆಯಿಂದ ತಮ್ಮ ಅದನ್ನು ವರ್ಷ ವರ್ಷವೂ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದ, ಈಗ ಅದು ತಾವು ಕೆಲಸ ಕಲಿಸಿದ ಹುಡುಗಿಯ ತಲೆಯ ಮೇಲೆ ಕಲ್ಲಾಗಿ ಕೂತಿತ್ತು. ಅವರು ಎದ್ದು ಗಂಟಿನ ಡಬ್ಬಿ ತಂದರು. ನಲವತ್ತು ವರ್ಷದ ಗಂಟುಗಳನ್ನು ಮೇಜಿನ ಮೇಲೆ ಸುರಿದು, ಡಬ್ಬಿಯ ತಳದಿಂದ ಹಳದಿಯಾಗಿ ಹೋದ ಒಂದು ಚೀಟಿ ತೆಗೆದರು. ಸೊನ್ನೆ ಮೇಷ್ಟ್ರ ಕೈಬರಹ. ಅದರಲ್ಲಿದ್ದ ಅಂಕಿ ಸೊನ್ನೆಯಲ್ಲ, ಒಂದು.

"ಇದು ಯಾವ ಬಟ್ಟೆದು?"

ಅತ್ತೆ ಮಾದರಿಗೆಂದು ಬಂದಿದ್ದ ಹಳೆಯ ಪರದೆಯನ್ನು ಬಿಡಿಸಿ, ಹಳದಿ ಪಟ್ಟೆಯೊಳಗಿನ ನೀಲಿ ಗೆರೆಯ ಮೇಲೆ ಬೆರಳಿಟ್ಟರು.

"ಇದು ವಿನ್ಯಾಸ ಅಲ್ವಾ? ಅವರು ಕಾಗದದಲ್ಲಿ ಬರೆದಿದ್ದಾರೆ, ಓದುಗರಿಗೆಲ್ಲ..."

"ಹದಿನೇಳನೇ ದಿನ ನಮ್ಮಮ್ಮ ಬಂದಿದ್ಲು, ಎಷ್ಟಾಯ್ತು ನೋಡೋಣ ಅಂತ. ಅವಳ ಎದುರು ಜಂಬ ಮಾಡೋಕೆ ಹೋದೆ. ಒಂದು ಎಳೆ ಜಗ್ಗಿದಾಗ ತುಂಡಾಯ್ತು. ಬುಡ ಹುಡುಕಬೇಕಿತ್ತು. ಹುಡುಕಲಿಲ್ಲ. ತುದಿ ಎಲ್ಲಿ ಬಿದ್ದಿತ್ತೋ ಅಲ್ಲೇ ಅದರ ಜಾಗ ಅಂದ್ಕೊಂಡು ಗಂಟು ಹಾಕಿ ಏರಿಸಿಬಿಟ್ಟೆ. ತುದಿ ಸುಳ್ಳು ಹೇಳುತ್ತೆ ಮರಿ, ಬುಡ ಹೇಳಲ್ಲ. ನೇಯೋಕೆ ಕೂತ ಮೊದಲ ಗೇಣಲ್ಲೇ ಕಾಣಿಸ್ತು. ಮೇಷ್ಟ್ರ ಹತ್ರ ಹೋಗಿ ಹೇಳಿದೆ, ಸರಿಮಾಡ್ತೀನಿ ಅಂದೆ. ಬೇಡ, ಹತ್ತೊಂಬತ್ತು ದಿನ ಕೂತವಳ ಗುರುತು ಒಂದಿರಲಿ ಅಂದ್ರು. ಆದ್ರೆ ಚೀಟಿಯಲ್ಲಿ ಬರೆಯೋದು ಬಿಡಲಿಲ್ಲ."

"ಮತ್ತೆ ಅಪ್ಪ ಹೇಳೋ ಕಥೆ?"

"ಮೊದಮೊದಲು ತಿದ್ದಿದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಬಿಟ್ಟೆ. ಕೇಳೋಕೆ ಹಿತವಾಗಿತ್ತು, ಅದೂ ನಿಜ. ಎಳೆ ತಪ್ಪಿದ್ದು ಮೊದಲನೇ ತಪ್ಪು. ಇದು ಎರಡನೇದು. ಇದಕ್ಕೆ ಚೀಟಿ ಬರೆಯೋಕೆ ಮೇಷ್ಟ್ರಿಲ್ಲ."

ಮರಿ ನೀಲಿ ಗೆರೆಯ ಮೇಲೆ ಬೆರಳಾಡಿಸಿ, "ನಾನೇನು ಮಾಡಲಿ ಈಗ?" ಎಂದಳು.

"ನನ್ನನ್ನ ಯಾಕೆ ಕೇಳ್ತೀಯ? ಮಗ್ಗ ನಿನ್ನದು."

ಅವಳು ತನ್ನ ದಾರಿಯನ್ನು ತಾನೇ ಹಿಡಿದಳು. ತಪ್ಪಿದ ಬಿಳಿ ಎಳೆಯನ್ನು ಬಿಡಿಸಿ ಹಿಂದಕ್ಕೆ ಹಾಕಿ, ಅದು ಸಲ್ಲಬೇಕಾದಲ್ಲಿ ಹೊಸ ಎಳೆಯೊಂದನ್ನು ಪೋಣಿಸಿ, ಅದು ಬಿಗಿಯಾಗಿ ನಿಲ್ಲುವಂತೆ ಮಗ್ಗದ ಹಿಂದೆ ತೂಕದ ಕಲ್ಲೊಂದನ್ನು ತೂಗುಬಿಟ್ಟು, ಮೂರನೆಯ ಪರದೆಯಿಂದ ಸರಿಮಾಡಿಕೊಂಡಳು. ನೇಯ್ದಿದ್ದ ಎರಡನ್ನು ಬಿಚ್ಚಲಿಲ್ಲ. ಅವುಗಳ ಮೂಲೆಗೆ ತನ್ನ ಕೈಯಾರೆ 'ಒಂದು' ಎಂದು ಬರೆದು ಪಿನ್ನು ಚುಚ್ಚಿದಳು. ಗ್ರಂಥಪಾಲಕರ ಮುಂದೆ ನಿಂತು ನೀಲಿ ಗೆರೆಯ ಕಥೆಯನ್ನೂ ಬಿಳಿ ಗೆರೆಯ ಕಥೆಯನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆ ಎರಡನ್ನ ನನ್ನ ಮೇಜಿನ ಹತ್ರ ಹಾಕಿ," ಎಂದರಂತೆ. "ಇನ್ನು ನಲವತ್ತು ವರ್ಷಕ್ಕೆ ಅದೂ ಬೇಕು ಅಂತ ಕಾಗದ ಬರುತ್ತೆ, ತಯಾರಾಗಿರು," ಎಂದು ಅತ್ತೆ ಛೇಡಿಸಿದರು. ಕೊಡೆ ಅಂಗಡಿಯ ಮಾತು ಅಲ್ಲಿಗೆ ಮುಚ್ಚಿತು.

ಅದಾದ ವಾರದಲ್ಲಿ ಆಮಂತ್ರಣ ಪತ್ರಿಕೆಯ ಆ ವಾಕ್ಯ ಮಗ್ಗದಕ್ಕನ ಕಣ್ಣಿಗೆ ಬಿತ್ತು. ಈ ಲೇಖನದ ಮೊದಲ ಪ್ರತಿಯಲ್ಲೂ ಅದೇ ಸುಳ್ಳು ಇನ್ನಷ್ಟು ಅಲಂಕಾರದೊಡನೆ ಇತ್ತೆಂದು ಒಪ್ಪಿಕೊಳ್ಳಬೇಕು. ಅದು ಅಂಚಿನಲ್ಲಿ ಪೆನ್ಸಿಲಿನ 'ಒಂದು' ಹೊತ್ತು ಮರಳಿ ಬಂತು. ಆದ್ದರಿಂದ ಇದನ್ನು ಓದುವವರು ತಿಳಿಯತಕ್ಕದ್ದು: ಅವರು ಸರದಿಗೆ ತಂದ ಎಳೆಗಳು ಎರಡು ಸಾವಿರದ ನೂರ ಐವತ್ತೊಂಬತ್ತು. ತಪ್ಪಿದ್ದು ಒಂದು. ಆ ಒಂದು ಎಳೆ ನಲವತ್ತು ವರ್ಷ ವಾಚನಾಲಯಕ್ಕೆ ಬರುವ ಬಿಸಿಲನ್ನು ಸೋಸಿತು.

ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಒಂದು ಸಣ್ಣ ಮಗ್ಗ ಈಗಾಗಲೇ ನಿಂತಿದೆ. ಕಿಟಕಿ ಪೂರ್ವಕ್ಕಿದೆ, ಮೊಳೆಯೊಂದು ಉಂಗುರಕ್ಕಾಗಿ ಹೊಡೆದಾಗಿದೆ. ಬೆಳಿಗ್ಗೆ ಏಳು ಸುರುಳಿ ಸುತ್ತುವಷ್ಟು ಕೈಬಲ, ಗುಡಿಸಿದ್ದನ್ನು ಓದುವಷ್ಟು ಕಣ್ಬೆಳಕು, ಚೆನ್ನಾಗಿ ಬರುತ್ತಿರುವಾಗಲೇ ಎದ್ದುಬಿಡುವಷ್ಟು ನೆಮ್ಮದಿ ಅವರಿಗೆ ಇನ್ನೂ ಬಹುಕಾಲ ಉಳಿಯಲಿ. ಅವರು ನೇಯ್ದ ಹೊದಿಕೆಗಳನ್ನು ಹೊದೆಯುವವರ ಮಕ್ಕಳೂ ಅವರ ಬಾಗಿಲಿಗೆ ಬರುವಂತಾಗಲಿ.

ಕಳೆದ ವಾರ, ಹತ್ತನೆಯ ಪರದೆ ಮಗ್ಗದಿಂದಿಳಿದ ಮಧ್ಯಾಹ್ನ, ಅತ್ತೆ ತಮ್ಮ ಮಗ್ಗದ ಬಿಗಿ ಸಡಿಲಿಸಿ, ಉಂಗುರ ಹಾಕಿಕೊಂಡು, ಹೊರಡಲೆಂದು ಎದ್ದಿದ್ದರು. ಮರಿ ಮುಂದಿನ ಹಾಸಿನ ಸರದಿಕಡ್ಡಿಗಳಿಗೆ ದಾರ ಬಿಗಿಯುತ್ತ ಮಗ್ಗದ ಹಿಂದೆ ಮಣೆಯ ಮೇಲೆ ಕೂತಿದ್ದಳು. ಗಂಟು, ಎಂದಿನಂತೆ, ಚಂದವಿರಲಿಲ್ಲ. ಅವಳು ಅದನ್ನು ಎರಡು ಸಲ ಜಗ್ಗಿ ನೋಡಿ, ಪಕ್ಕದ ಮಣೆಯನ್ನು ಅತ್ತೆಯತ್ತ ಸರಿಸಿದಳು.

"ಒಂದು ನಿಮಿಷ ಕೂತು ಹೋಗಿ ಅತ್ತೆ. ಆ ಹತ್ತೊಂಬತ್ತು ದಿನದ್ದು ಮೊದಲಿಂದ ಹೇಳಿ. ಅಪ್ಪ ಹೇಳೋ ಹಾಗಲ್ಲ. ಹದಿನೇಳನೇ ದಿನ ಬಿಡದೆ ಹೇಳಿ."